ಕಂಬಕ್ಕೊಂದು ಮಾತು

ಚಾಚಾ ತೀರಿಕೊಂಡ ನಲವತ್ತನೇ ದಿನದ ಊಟಕ್ಕೆ ಹೋದಾಗ ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುವವರು, ನನ್ನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. "ಇವು ನಿನ್ನ ಹತ್ರ ಇರ್ಲಿ ಬೇಟಾ. ನಮ್ಮನ್ಯಾಗ ಇವನ್ನ ಓದೋರು ಯಾರದಾರ?" ಎಂದರು. ಬಿಚ್ಚಿ ನೋಡಿದರೆ ಎಲ್ಲವೂ ಮೈಕಿನ ಪರವಾನಗಿ ಕಾಗದಗಳು. ಚಾಚಾ ವರ್ಷ ವರ್ಷದವನ್ನು ಬೇರೆ ಬೇರೆ ದಾರ ಹಾಕಿ ಕಟ್ಟಿಟ್ಟಿದ್ದರು. ಒಂದನ್ನು ಮಾತ್ರ ಯಾವ ಕಟ್ಟಿಗೂ ಸೇರಿಸದೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಬಿಚ್ಚುವ ಮೊದಲೇ ಅದು ಯಾವುದೆಂದು ನನಗೆ ಗೊತ್ತಾಯಿತು. ಕೆಂಪು ಗೀಟು ಕಾಗದದ ಬೆನ್ನಿಗೂ ಮೂಡಿತ್ತು.

ಚಾಚಾನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜೀವಮಾನವೆಲ್ಲ ಮೈಕಿನಲ್ಲಿ ಊರಿಗೆ ಸುದ್ದಿ ಹೇಳಿದ ಮನುಷ್ಯ ಒಂದು ಸಲವೂ ತನ್ನ ಹೆಸರು ಹೇಳಿಕೊಂಡವನಲ್ಲ. "ಕೂಗಾವನ ಹೆಸರು ತಗೊಂಡು ಮಂದಿ ಏನ್ ಮಾಡ್ತಾರ? ಸುದ್ದಿ ಯಾರ್ದು ಅನ್ನೋದು ಮುಟ್ಟಿದ್ರ ಆತು" ಎನ್ನುತ್ತಿದ್ದರು. ಊರಿನ ಹೆಸರೂ ಬೇಡ. ಯಾದಗಿರಿ, ಶಹಾಪುರ, ಸುರಪುರ ಈ ಮೂರರ ಸಂತೆಗೂ ಹೋಗಿ ಬರುವ ಜನರಿರುವ ಒಂದು ಊರು ಎಂದರೆ ಸಾಕು. ಆ ಮೂರು ಕಡೆಯೂ ನನ್ನ ಆಟೊದ ಮೇಲೆ ಅವರ ಧ್ವನಿ ಓಡಾಡಿದೆ.

ನಾನು ಬರೆಯುವ ಪೈಕಿ ಅಲ್ಲ. ಐದನೇ ತರಗತಿಗೆ ಶಾಲೆ ಬಿಟ್ಟವನು. ಹತ್ತಿ ಮಿಲ್ಲಿನಲ್ಲಿ ಅಂಡಿಗೆ, ಎಂದರೆ ಹತ್ತಿ ಮೂಟೆ, ಹೊತ್ತು, ಕಲ್ಲು ಒಡೆದು, ಯಾರ ಮುಂದೆಯೂ ಕೈಯೊಡ್ಡದೆ ಆಟೊ ಮಾಡಿಕೊಂಡವನು. ಈ ನಾಲ್ಕು ಸಾಲು ಬರೆಯಲು ಬಂದದ್ದು ಹೇಗೆ ಎಂಬುದೂ ಅವರ ಕಥೆಯಲ್ಲೇ ಇದೆ, ಮುಂದೆ ಬರುತ್ತದೆ.

ಚಾಚಾಗೆ ಮಸೀದಿ ಓಣಿಯ ಬಾಯಿಗೆ ಒಂದು ಸಣ್ಣ ಅಂಗಡಿ ಇತ್ತು. ಫ್ಯಾನು, ಮೋಟಾರುಗಳ ಸುಟ್ಟ ತಂತಿ ತೆಗೆದು ಹೊಸದು ಸುತ್ತುವ ಕೆಲಸ. ಅದು ಹೊಟ್ಟೆಗೆ. ಮೈಕು ಜೀವಕ್ಕೆ. ಮನೆಯಲ್ಲಿ ಆಡುವುದು ದಖ್ಖನಿ ಉರ್ದು, ಮೈಕಿನಲ್ಲಿ ಮಾತ್ರ ಅವರ ಕನ್ನಡ ಕೇಳಬೇಕು. ಮೇಷ್ಟ್ರುಗಳು ತಲೆದೂಗುತ್ತಿದ್ದರು. ಮೈಕು ಹಿಡಿಯುವ ಮೊದಲು ಬಾಯಿ ಮುಕ್ಕಳಿಸಿ ಒಂದು ಲವಂಗ ಹಾಕಿಕೊಳ್ಳುತ್ತಿದ್ದರು. ಎಲೆ ಅಡಿಕೆ ಹಾಕಿಕೊಂಡು ಒಂದು ದಿನವೂ ಮಾತಾಡಲಿಲ್ಲ. "ಎಂಜಲ ಬಾಯಿಲೆ ಮಂದಿ ಮನಿ ಸುದ್ದಿ ಹೇಳ್ಬಾರ್ದು" ಎನ್ನುವುದು ಅವರ ಮಾತು.

ಅವರು ಮೈಕು ಕಟ್ಟಲು ನನ್ನ ಆಟೊ ಗೊತ್ತು ಮಾಡಿಕೊಂಡ ಮೊದಲ ದಿನ ನಾನು ಬಸ್‌ಸ್ಟ್ಯಾಂಡಿನ ಬಾಡಿಗೆ ಹೊಡೆದಂತೆ ಆಟೊ ಓಡಿಸಿದೆ. ಹಿಂದಿನಿಂದ ಟಾಪಿನ ಸರಳಿಗೆ ಟಕ್ ಎಂದು ಬಡಿದರು.

"ಆಹಿಸ್ತಾ ಬೇಟಾ, ಆಹಿಸ್ತಾ! ನೀ ಮುಂದಿನ ಓಣ್ಯಾಗ ಹೊಂಟಿ, ನನ್ನ ಮಾತು ಇನ್ನಾ ಹಿಂದಿನ ಓಣ್ಯಾಗ ನಿಂತೈತಿ."

"ಎಷ್ಟು ಸಾವಕಾಶ ಹೋಗ್ಬೇಕ್ರೀ?"

"ಲೈಟಿನ ಕಂಬ ಎಣಸ್ಕೋತ ಹೋಗು. ಕಂಬಕ್ಕೊಂದು ಮಾತು."

ಅದು ಅವರ ಲೆಕ್ಕ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗುವಷ್ಟರಲ್ಲಿ ಒಂದೇ ವಾಕ್ಯ. ಕಂಬ ಬಂದ ಕೂಡಲೇ ಒಂದು ಉಸಿರು ನಿಲುಗಡೆ, ಮತ್ತೆ ಮುಂದಿನ ವಾಕ್ಯ. ಹಾಗೆ ಹೋದರೆ ಒಂದು ಮಾತು ಇನ್ನೊಂದರ ಮೈಮೇಲೆ ಬೀಳುವುದಿಲ್ಲ, ಬಾಗಿಲಲ್ಲಿ ನಿಂತವರಿಗೆ ಪೂರ್ತಿ ಮುಟ್ಟುತ್ತದೆ. ಸರಳಿಗೆ ಒಂದು ಬಡಿತ ಎಂದರೆ ಹೋಗು, ಎರಡು ಎಂದರೆ ನಿಲ್ಲು. ಒಂದು ತಿಂಗಳಲ್ಲಿ ನನ್ನ ಕೈಗೆ ಅದು ಹೇಗೆ ಕೂತಿತೆಂದರೆ, ಆಟೊ ಖಾಲಿ ಇದ್ದಾಗಲೂ ಕಂಬ ಬಂದರೆ ಎಕ್ಸಲೇಟರ್ ಸಡಿಲ ಬಿಡುತ್ತಿದ್ದೆ. ಪ್ಯಾಸೆಂಜರ್ ಬೈಯುತ್ತಿದ್ದರು.

ಏನೆಲ್ಲ ಹೇಳಿದ್ದಾರೆ! ಬಟ್ಟೆ ಅಂಗಡಿಯ ಸೇಲು, ಕಣ್ಣು ತಪಾಸಣೆ ಶಿಬಿರ, ಅಬ್ಬೆತುಮಕೂರಿನ ಮಠಕ್ಕೆ ಹೊರಡುವ ಗಾಡಿ, ಬೋನಾಳ ಕೆರೆ ಕಡೆ ತಪ್ಪಿಸಿಕೊಂಡ ಎಮ್ಮೆ. ಚುನಾವಣೆ ಬಂದರೆ ಬೆಳಗ್ಗೆ ಒಂದು ಪಾರ್ಟಿ, ಮಧ್ಯಾಹ್ನ ಇನ್ನೊಂದು. ಎರಡನ್ನೂ ಒಂದೇ ಧ್ವನಿಯಲ್ಲಿ ಓದುವರು. ಒಬ್ಬ ಅಂಗಡಿಯವ "ಜಿಲ್ಲೇದಾಗ ಎಲ್ಲಾರಿಗಿಂತ ಅಗ್ಗ ಅಂತ ಹೇಳು ಚಾಚಾ" ಎಂದಾಗ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದರು: "ಜಿಲ್ಲಾ ಎಲ್ಲಾ ತಿರಿಗಿ ಬಂದೀಯೇನು? ಬರ್ರಿ, ನೋಡ್ರಿ ಅಂತ ಹೇಳ್ತೀನಿ. ಅಗ್ಗ ಐತೋ ಇಲ್ಲೋ ಅವರ ಹೇಳ್ಲಿ."

ಯಾವ ಮಾತೇ ಇರಲಿ, ಮೊದಲು ಪೊಲೀಸ್ ಸ್ಟೇಷನ್ನಿನ ಪರವಾನಗಿ. ಹೇಳುವುದನ್ನೆಲ್ಲ ಎರಡು ಪ್ರತಿ ಬರೆದು ಕೊಡಬೇಕು, ಅವರು ಸಿಕ್ಕಾ, ಎಂದರೆ ಮೊಹರು, ಒತ್ತಿ ಒಂದನ್ನು ವಾಪಸ್ ಕೊಡಬೇಕು. ಬೇರೆ ಆಟೊದವರು ಇದನ್ನು ಬೈದುಕೊಳ್ಳುತ್ತಿದ್ದರು. ಚಾಚಾ ಬೈಯಲಿಲ್ಲ. "ಮಾತಾಡ್ಬ್ಯಾಡ ಅಂತ ಯಾವ ಕಾನೂನಿನ್ಯಾಗೂ ಬರದಿಲ್ಲ. ಕೇಳಿ ಮಾತಾಡು ಅಂತ ಬರದಾರ. ಕೇಳಿದ್ರ ನಮ್ದೇನು ಹೋಗ್ತದ? ಸಿಕ್ಕಾ ಬಿತ್ತಂದ್ರ ನಮ್ಮ ಮಾತಿಗಿ ಸರಕಾರನ ಸಾಕ್ಷಿ" ಎಂದು ಹೇಳಿ, ಆ ಕಾಗದವನ್ನು ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುವರು. ಅಷ್ಟು ನಂಬಿಕೆ ಅವರಿಗೆ. ಸ್ಟೇಷನ್ನಿನಲ್ಲೂ ಅವರ ಕಾಗದವನ್ನು ಯಾರೂ ಓದುತ್ತಿರಲಿಲ್ಲ, ಚಾ ಕುಡಿಯುತ್ತ ಸಿಕ್ಕಾ ಒತ್ತುತ್ತಿದ್ದರು.

ಒಂದು ಬೇಸಗೆಯಲ್ಲಿ ಕೆರೆಯಂಚಿನ ಓಣಿಯ ನೀಲಮ್ಮ ಅಂಗಡಿಗೆ ಬಂದಳು. ಹೊಲಗೆಲಸಕ್ಕೆ ಹೋಗುವ ಹೆಣ್ಣುಮಗಳು, ಮಹಿಳಾ ಸಂಘದ ಹಿರಿಯಾಳು. ಕೈಯಲ್ಲಿ ಒಂದು ನೀರಿನ ಬಾಟಲಿ ಇತ್ತು. ಮುಚ್ಚಳ ತೆಗೆದು ಚಾಚಾನ ಮೂಗಿಗೆ ಹಿಡಿದಳು.

"ಛೀ! ಏನವ್ವಾ ಇದು?"

"ನಮ್ಮ ನಳದ ನೀರು ಚಾಚಾ. ಗಟಾರದ್ದು ಕೂಡ್ಯಾದ. ಇಪ್ಪತ್ತು ದಿನ ಆತು ಹೇಳಾಕತ್ತೀವಿ. ಯಾರೂ ಕಿವ್ಯಾಗ ಹಾಕೊಳ್ಳವಲ್ರು. ನಾಳೆ ನೀರಿನ ಟಾಕಿ ಹತ್ರ ಎಲ್ಲಾರೂ ಕೂಡ್ತೀವಿ. ಓಣಿಗಿ ನೀ ಹೇಳ್ಬೇಕು."

ಅಂಗಡಿಯಲ್ಲೇ ಕೂತು ಅವಳು ಹೇಳಿದಳು, ಚಾಚಾ ಬರೆದರು. ನಾಲ್ಕು ವಾಕ್ಯ, ನಾಲ್ಕು ಕಂಬ.

ಓಣಿಯ ಅಕ್ಕಂದಿರೇ, ತಾಯಂದಿರೇ, ಕೇಳಿರಿ.

ನಮ್ಮ ನಳಗಳಲ್ಲಿ ಇಪ್ಪತ್ತು ದಿನಗಳಿಂದ ಗಟಾರದ ನೀರು ಬರುತ್ತಿದೆ.

ಈ ನೀರು ಚೆನ್ನಾಗಿದೆ ಎನ್ನುವವರು ನಮ್ಮ ಮುಂದೆ ಒಂದು ಗ್ಲಾಸು ಕುಡಿದು ತೋರಿಸಲಿ.

ನಾಳೆ ಮುಂಜಾನೆ ಹತ್ತು ಗಂಟೆಗೆ ತಲೆಗೊಂದು ಬಾಟಲಿ ನೀರು ತೆಗೆದುಕೊಂಡು ಟಾಕಿಯ ಬಳಿ ಬನ್ನಿರಿ.

ಸ್ಟೇಷನ್ನಿನಲ್ಲಿ ಆ ದಿನ ಕಾಗದ ಓದಿದರು. ಅದನ್ನು ಒಳಗೆ ಒಯ್ದರು, ಫೋನು ಮಾಡಿದರು, ನಾವು ಬೇವಿನ ಮರದ ಕೆಳಗೆ ಎರಡು ತಾಸು ಕೂತೆವು. ಕಡೆಗೆ ರೈಟರ್ ಸಾಹೇಬರು, ಎಂದರೆ ಸ್ಟೇಷನ್ನಿನಲ್ಲಿ ಬರೆಯುವ ಕೆಲಸದವರು, ಕರೆದು ಕೊಟ್ಟರು. ನಡುವಿನ ಎರಡು ವಾಕ್ಯಗಳ ಮೇಲೆ ಕೆಂಪು ಗೀಟು.

"ಶಾಂತಿ ಕೆಡ್ತದಂತ ಮ್ಯಾಲಿಂದ ಹೇಳ್ಯಾರ ಚಾಚಾ. ಉಳಿದದ್ದು ಹೇಳ್ಕೋ. ಕರಕ್ಟ್ ಎಷ್ಟೈತಿ ಅಷ್ಟ."

"ನೀರು ಕೆಟ್ಟೈತಿ ಅಂದ್ರ ಶಾಂತಿ ಕೆಡ್ತದೇನ್ರೀ?"

"ನಾ ಎಲ್ಲಿ ಕುಡದೀನಿ ಮಾರಾಯ ನಿಮ್ಮ ನೀರು? ಒಯ್ಯಿ ಒಯ್ಯಿ."

ಆಟೊದಲ್ಲಿ ಕೂತು ಚಾಚಾ ಕಾಗದವನ್ನು ಮೂರು ಸಲ ಓದಿಕೊಂಡರು. ಹೋಗುವುದೋ ಬಿಡುವುದೋ ಎಂದು ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಲವಂಗ ಬಾಯಿಗೆ ಹಾಕಿಕೊಂಡು ಸರಳಿಗೆ ಒಂದು ಬಡಿದರು.

ಮೊದಲ ಕಂಬ. "ಓಣಿಯ ಅಕ್ಕಂದಿರೇ, ತಾಯಂದಿರೇ, ಕೇಳಿರಿ." ಎರಡನೇ ಕಂಬ ಬಂತು. ಮಾತಿಲ್ಲ. ಮೈಕು ಚಾಲೂ ಇತ್ತು, ಆಟೊದ ಮೇಲಿನ ಲೌಡ್‌ಸ್ಪೀಕರ್ ಹಾರ್ನಿನಲ್ಲಿ ಸುಂಯ್ ಎಂಬ ಸದ್ದು ಮಾತ್ರ. ನಾನು ತಿರುಗಿ ನೋಡಿದೆ. ಮುಂದೆ ನೋಡು ಎಂದು ಕೈಸನ್ನೆ ಮಾಡಿದರು. ಮೂರನೇ ಕಂಬವೂ ಹಾಗೇ ಹೋಯಿತು. ನಾಲ್ಕನೇ ಕಂಬಕ್ಕೆ, "ನಾಳೆ ಮುಂಜಾನೆ ಹತ್ತು ಗಂಟೆಗೆ…"

ಆಗ ನನಗೆ ತಿಳಿಯಿತು. ಅಳಿಸಿದ ಮಾತನ್ನು ಅವರು ಹೇಳಲಿಲ್ಲ. ಆದರೆ ಅದರ ಜಾಗವನ್ನೂ ಬಿಟ್ಟುಕೊಡಲಿಲ್ಲ.

ಹೆಂಗಸರು ಬಾಗಿಲಿಗೆ ಬಂದರು. "ಯಾಕ ಚಾಚಾ, ಮೈಕ್ ಕೆಟ್ಟಿತೇನು?" ಎಂದು ಒಬ್ಬಳು ಕೇಳಿದಳು. ಚಾಚಾ ಮಾತಾಡದೆ ಕಾಗದ ಎತ್ತಿ ತೋರಿಸಿದರು. ಓದು ಬಾರದವರಿಗೂ ಕೆಂಪು ಗೀಟು ಕಾಣುತ್ತದೆ. ಎರಡನೇ ಸುತ್ತಿಗೆ ಹೋದಾಗ ಖಾಲಿ ಕಂಬದ ಬಳಿ ನೀಲಮ್ಮ ತನ್ನ ಕಟ್ಟೆಯ ಮೇಲಿಂದಲೇ ಕೂಗಿದಳು, "ನಳದಾಗ ಗಟಾರದ ನೀರು ಬರಾಕತ್ತದ!" ಮುಂದಿನ ಕಂಬಕ್ಕೆ ಇನ್ನಿಬ್ಬರು, "ಕುಡದು ತೋರಸ್ಲಿ!" ಮೂರನೇ ಸುತ್ತಿಗೆ ಓಣಿಗೆ ಓಣಿಯೇ ನಗುತ್ತ ಆ ಎರಡು ಕಂಬ ತುಂಬಿತು. ಚಾಚಾನ ಬಾಯಿಂದ ಮಾತ್ರ ಸಿಕ್ಕಾ ಬಿದ್ದ ಎರಡು ವಾಕ್ಯ ಬಿಟ್ಟು ಒಂದಕ್ಷರ ಹೆಚ್ಚು ಬರಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಹೇಳಬೇಕಾದ ಜಾಗದಲ್ಲಿ ಮೊದಲು ಹೇಳಲಿಲ್ಲ.

ಸಭೆಯೇನೋ ಆಯಿತು, ಜೋರಾಗಿಯೇ ಆಯಿತು. ಮರುದಿನ ಮೈಕ್ ಸೆಟ್ಟು, ನನ್ನ ಆಟೊ ಎರಡನ್ನೂ ವಿಚಾರಣೆಗೆಂದು ಸ್ಟೇಷನ್ನಿನ ಅಂಗಳದಲ್ಲಿ ನಿಲ್ಲಿಸಿಕೊಂಡರು. ನಾಲ್ಕು ದಿನ ದಿನಾ ಹೋಗಿ ನಿಂತೆ. ಐದನೇ ದಿನ ರೈಟರ್ ಸಾಹೇಬರು ಕರೆದು, "ಇಲ್ಲಿ ಸಹಿ ಹಾಕು, ಗಾಡಿ ಒಯ್ಯಿ. ಓದಿ ನೋಡು ಬೇಕಂದ್ರ" ಎಂದರು. ತುಂಬಿದ ಎರಡು ಹಾಳೆ. ಸುತ್ತ ನಾಲ್ಕು ಜನ ನಿಂತಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದಿದರೆ ನನಗೆ ಅರ್ಧ ತಾಸು ಬೇಕು, ಅದನ್ನು ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವವನಲ್ಲ ನಾನು. ಕಣ್ಣಾಡಿಸಿದೆ. ಕಣ್ಣಾಡಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ಗಾಡಿ ಒಯ್ದ ರಸೀತಿ ಎಂದುಕೊಂಡು ಸಹಿ ಹಾಕಿದೆ.

ಚಾಚಾಗೆ ತಹಶೀಲ್ದಾರರ ನೋಟಿಸು ಬಂತು. ಇನ್ನು ಒಂದು ವರ್ಷ ಶಾಂತಿ ಕೆಡಿಸುವುದಿಲ್ಲವೆಂದು ಜಾಮೀನು ಸಮೇತ ಬಾಂಡ್ ಯಾಕೆ ಬರೆಸಿಕೊಳ್ಳಬಾರದು, ಬಂದು ಹೇಳು ಎಂದು. ವಕೀಲರು, "ಬರದು ಕೊಟ್ಬಿಡು ಚಾಚಾ. ದಿನಾ ಇಂಥವು ಹತ್ತು ಆಗ್ತಾವ" ಎಂದರು. ಚಾಚಾ ತಲೆ ಅಲ್ಲಾಡಿಸಿದರು. "ಬರದು ಕೊಟ್ರ ಶಾಂತಿ ಕೆಡಿಸ್ದಾವ ನಾನ ಅಂತ ನಾನ ಒಪ್ಪಿದಂಗ. ಆಮ್ಯಾಗ ನನಗ ಯಾರು ಮೈಕ್ ಕೊಡ್ತಾರ? ಸುಮ್ಮನ ಇದ್ದಾವ ಶಾಂತಿ ಹೆಂಗ ಕೆಡಿಸ್ತಾನ, ನೀವ ಹೇಳ್ರಿ." ಬಾಂಡಿಗೆ ಸಹಿ ಬಿದ್ದರೆ ಮುಂದೆ ಸ್ಟೇಷನ್ನಿನಲ್ಲಿ ಅವರ ಯಾವ ಕಾಗದಕ್ಕೂ ಸಿಕ್ಕಾ ಬೀಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮೊದಲ ತಾರೀಖಿಗೆ ನಾನೇ ಅವರನ್ನು ತಾಲೂಕು ಕಚೇರಿಗೆ ಕರೆದೊಯ್ದೆ. ತಹಶೀಲ್ದಾರರು ಸಾವಧಾನದ ಮನುಷ್ಯ. ಚಾಚಾ ಎದೆಯ ಜೇಬಿನಿಂದ ಕೆಂಪು ಗೀಟಿನ ಕಾಗದ ತೆಗೆದು ಮುಂದಿಟ್ಟರು. "ಇದ್ರಾಗ ಇಲ್ಲದ್ದು ನಾ ಏನೂ ಅಂದಿಲ್ರಿ." ಅವರು ಅದನ್ನು ನೋಡಿ, ಫೈಲಿನಿಂದ ಬೇರೊಂದು ಹಾಳೆ ತೆಗೆದು ಓದಿದರು. ಸದರಿ ವ್ಯಕ್ತಿಯು ಅಳಿಸಲ್ಪಟ್ಟ ವಾಕ್ಯಗಳನ್ನು ಧ್ವನಿವರ್ಧಕದ ಮೂಲಕ ಏರುದನಿಯಲ್ಲಿ ಉಚ್ಚರಿಸಿ, ಸಾರ್ವಜನಿಕರನ್ನು ಉದ್ರೇಕಿಸಿ, ಬೇಡವೆಂದು ನಾನು ಹೇಳಿದರೂ ಕೇಳದೆ… ಕೆಳಗೆ ನನ್ನ ಹೆಸರು, ನನ್ನ ಸಹಿ.

ಚಾಚಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ತಾರೀಖು ಬಿತ್ತು.

ವಾಪಸ್ ಬರುವಾಗ ಊರ ಮೊದಲ ಕಂಬ ದಾಟುವವರೆಗೂ ಕನ್ನಡಿ ನೋಡದೆ ಆಟೊ ಓಡಿಸಿದೆ. ಆಮೇಲೆ ಅವರೇ ಅಂದರು:

"ಅದು ನಿನ್ನ ಮಾತಲ್ಲ ಬಿಡೋ."

"ಸಹಿ ನಂದ ಐತ್ರಿ ಚಾಚಾ."

"ಸಹಿ ನಿಂದು, ಧ್ವನಿ ನಿಂದಲ್ಲ. ಅಷ್ಟುದ್ದ ಮಾತು ಒಂದ ಉಸರಿಗಿ ಎಂದಾರ ಆಡೀಯೇನು? ನಾಕು ಕಂಬ ಬೇಕು ಅದಕ್ಕ." ಎಂದು ನಕ್ಕೇಬಿಟ್ಟರು. ನನಗೆ ನಗು ಬರಲಿಲ್ಲ. ಕಡೆಗೆ ಕೇಳಿದರು, "ಓದ್ಲಿಲ್ಲೇನು?"

"ಓದಿದಂಗ ಮಾಡ್ದೆ."

ಬೈಯಬಹುದಿತ್ತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ತಾರೀಖಿಗೆ ಕರೆಯದಿದ್ದರೂ ನಾನು ಒಳಗೆ ಹೋಗಿ ನಿಂತೆ. ಆ ದಿನ ಪಹಣಿ, ಜಾತಿ ಪ್ರಮಾಣಪತ್ರ ಎಂದು ಕಚೇರಿ ತುಂಬ ಜನ. ನನ್ನ ಬೀಗರ ಊರಿನವರೂ ಇದ್ದರು. "ಸಾಹೇಬ್ರ, ಆ ಹಾಳೆ ನಂದಲ್ರಿ" ಎಂದೆ.

"ಸಹಿ ನಿನ್ನದಲ್ಲವೇ?"

"ನಂದ ರೀ. ಓದಲಾರದ ಹಾಕೀನ್ರಿ."

"ಯಾಕೆ ಓದಲಿಲ್ಲ?"

ಆ ಒಂದು ಮಾತು ಬಾಯಿಂದ ತೆಗೆಯುವುದು ನನಗೆ ಅಂಡಿಗೆ ಹೊತ್ತದ್ದಕ್ಕಿಂತ ಭಾರವಾಯಿತು. "ನನಗ ಓದಾಕ ಸರಿಯಾಗಿ ಬರಾಂಗಿಲ್ರಿ. ನಾಕು ಮಂದಿ ಮುಂದ ಹೇಳ್ಕೊಳ್ಳಾಕ ನಾಚ್ಕಿ ಬಂತು. ಚಾಚಾ ಆ ಎರಡು ಕಂಬ ಬಾಯಿ ತಗದಿಲ್ಲ. ಗಾಡಿ ಹೊಡದಾವ ನಾನು. ನಾ ಕೇಳೀನಿ."

ಹಿಂದೆ ಯಾರೋ ಕಿಸಕ್ಕೆಂದರು. ತಹಶೀಲ್ದಾರರು ಅತ್ತ ಒಂದು ನೋಟ ಬೀರಿ, ನನ್ನ ಮಾತನ್ನು ಬರೆಸಿ, ನನಗೇ ಓದಿ ಹೇಳಿಸಿ ಸಹಿ ಹಾಕಿಸಿಕೊಂಡರು. ಆ ದಿನವೇ ಮುಗಿಯಿತೆಂದರೆ ಇಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದವು. ಆರು ತಿಂಗಳೊಳಗೆ ವಿಚಾರಣೆ ಮುಗಿಯದಿದ್ದರೆ ಇಂಥ ಕೇಸು ತಾನೇ ಬಿದ್ದುಹೋಗುತ್ತದಂತೆ. ಹಾಗೇ ಬಿತ್ತು. ತಪ್ಪಿದೆ ಎಂದೂ ಬರೆಯಲಿಲ್ಲ, ತಪ್ಪಿಲ್ಲ ಎಂದೂ ಬರೆಯಲಿಲ್ಲ. ಬಾಂಡಿಗೆ ಚಾಚಾನ ಸಹಿಯಂತೂ ಬೀಳಲಿಲ್ಲ.

ಆ ಆರು ತಿಂಗಳು ಅವರು ನನಗೆ ಓದು ಕಲಿಸಿದರು. ಅಂಗಡಿಯಲ್ಲಿ ತಾವು ತಂತಿ ಸುತ್ತುತ್ತ, ಈ ಹಳೆಯ ಪರವಾನಗಿ ಕಾಗದಗಳನ್ನೇ ಒಂದೊಂದಾಗಿ ನನ್ನ ಮುಂದಿಡುವರು. "ಗಟ್ಟಿಯಾಗಿ ಓದು. ಮನಸಿನ್ಯಾಗ ಓದ್ದಾವ ಓದಿದಂಗ ಮಾಡ್ತಾನ" ಎಂದು ಅಷ್ಟು ದಿನದ ಮೇಲೆ ಒಂದೇ ಒಂದು ಸಲ ಚುಚ್ಚಿದರು. ತಪ್ಪಿದೆನೆಂದರೆ ಮೇಜಿಗೆ ಎರಡು ಬಡಿತ: ನಿಲ್ಲು. ಸರಿ ಮಾಡಿದರೆ ಒಂದು: ಹೋಗು.

ಕೇಸು ಹೋಯಿತು, ಮೈಕು ಬರಲಿಲ್ಲ. ಸೆಟ್ಟೇನೋ ವಾಪಸ್ ಕೊಟ್ಟರು. ಪರವಾನಗಿಗೆ ಹೋದರೆ ಸಾಹೇಬರಿಲ್ಲ, ನಾಳೆ ಬಾ, ಬಂದೋಬಸ್ತ್ ಐತಿ, ಸೋಮವಾರ ಬಾ. ಇಲ್ಲ ಎಂದು ಯಾರೂ ಬರೆದು ಕೊಡಲಿಲ್ಲ. ಬರೆದು ಕೊಟ್ಟಿದ್ದರೆ ಅದನ್ನೂ ದಾರ ಹಾಕಿ ಕಟ್ಟಿಡುತ್ತಿದ್ದರೋ ಏನೋ. ಅಷ್ಟರಲ್ಲಿ ರೆಕಾರ್ಡ್ ಮಾಡಿದ ಧ್ವನಿ ಬಂತು. ಪೆನ್‌ಡ್ರೈವ್ ಚುಚ್ಚಿದರೆ ದಿನವಿಡೀ ಅದೇ ಕೂಗುತ್ತದೆ. ಮೊದಲೇ ಕೇಳಿ ಸಿಕ್ಕಾ ಒತ್ತಬಹುದು, ನಡುವೆ ಸುಮ್ಮನಾಗುವ ಭಯವಿಲ್ಲ. ಅಂಗಡಿಯವರು, ಪಾರ್ಟಿಯವರು ಅದಕ್ಕೇ ಹೋದರು. ನಳದ ಪೈಪು ಮುಂದೆ ಬದಲಾಯಿತು. ಅದನ್ನು ಊರಿಗೆ ಸಾರಿದ್ದೂ ಪೆನ್‌ಡ್ರೈವೇ.

ಚಾಚಾನಿಗೆ ಉಳಿದದ್ದು ಒಂದೇ, ಸಾವಿನ ಸುದ್ದಿ. ನಮ್ಮಲ್ಲಿ ಯಾರೇ ತೀರಿಕೊಂಡರೂ, ಯಾವ ಜಾತಿಯವರಾದರೂ, ಮಣ್ಣು ಎಷ್ಟು ಹೊತ್ತಿಗೆ ಎಂದು ಆಟೊದಲ್ಲಿ ಸಾರುತ್ತಾರೆ. ಅದಕ್ಕೆ ಮಾತ್ರ ಸ್ಟೇಷನ್ನಿನವರು ಕಾಗದ ಕೇಳುವುದಿಲ್ಲ. "ಸತ್ತವರಿಂದ ಶಾಂತಿ ಕೆಡಾಂಗಿಲ್ಲಂತ ಖಾತ್ರಿ ಅವರಿಗಿ" ಎಂದು ಚಾಚಾ ನಗುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅವರ ಧ್ವನಿ ಕೇಳಿದರೆ ಊರು ಕೈಕೆಲಸ ಬಿಟ್ಟು, ಯಾರು ಹೋದರು ಎಂದು ಬಾಗಿಲಿಗೆ ಬರುತ್ತಿತ್ತು. ಒಂದು ಕಾಲಕ್ಕೆ ಕಳೆದ ಎಮ್ಮೆ ಸಿಕ್ಕಿತೆಂದು ನಗುನಗುತ್ತ ಹೇಳಿದ ಧ್ವನಿ ಅದು. ಆದರೂ ಪ್ರತಿ ಸಲ ಲವಂಗ ಹಾಕಿಕೊಂಡರು, ಪ್ರತಿ ಸಲ ಕಂಬಕ್ಕೊಂದೇ ಮಾತು ಹೇಳಿದರು.

ಅವರು ಹೋದ ದಿನ ಬೆಳಗ್ಗೆ ಚಾಚಿ ನನ್ನನ್ನು ಕರೆಸಿ, "ನೀನ ಹೇಳ್ಬೇಕು ಬೇಟಾ" ಎಂದರು. ನಾನು ಯಾವತ್ತೂ ಮೈಕು ಹಿಡಿದವನಲ್ಲ. ಗಾಡಿ ಹೊಡೆಯುವವನೂ ನಾನೇ, ಹೇಳುವವನೂ ನಾನೇ. ಟವೆಲಿನಿಂದ ಮೈಕನ್ನು ಕೊರಳಿಗೆ ಕಟ್ಟಿಕೊಂಡೆ. ಹೇಳುವುದನ್ನು ನಾನೇ ಬರೆದು, ಗಟ್ಟಿಯಾಗಿ ಓದಿ ನೋಡಿಕೊಂಡಿದ್ದೆ. ಬಾಯಿ ಮುಕ್ಕಳಿಸಿ ಲವಂಗ ಹಾಕಿಕೊಂಡೆ.

ಕೆರೆಯಂಚಿನ ಓಣಿಯಿಂದಲೇ ಶುರು ಮಾಡಿದೆ. ಮೊದಲ ಕಂಬಕ್ಕೆ, "ಊರಿನ ಹಿರಿಯರೇ, ತಾಯಂದಿರೇ, ದುಃಖದ ಸುದ್ದಿ ಇದೆ" ಎಂದೆ. ಎರಡನೇ ಕಂಬಕ್ಕೆ ಅವರ ಹೆಸರು ಬರಬೇಕು. ಕಾಗದದಲ್ಲಿ ದೊಡ್ಡದಾಗಿ ಬರೆದಿದ್ದೆ. ಬಾಯಿ ತೆರೆದೆ, ಹೆಸರು ಹೊರಗೆ ಬರಲಿಲ್ಲ. ಆಟೊ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಮೂರನೇ ಕಂಬವೂ ಬಂತು. ಹಾರ್ನಿನಲ್ಲಿ ಅದೇ ಸುಂಯ್ ಎಂಬ ಸದ್ದು.

ನೀಲಮ್ಮ ಬಾಗಿಲಿಗೆ ಬಂದಳು. ಸಾವಿನ ಸುದ್ದಿಗೆ ಬೇರೆಯವರ ಧ್ವನಿ ಕೇಳಿಯೇ ಅವಳಿಗೆ ಅರ್ಧ ತಿಳಿದಿತ್ತೋ ಏನೋ, ಸೆರಗು ಬಾಯಿಗೆ ಬಂದಿತ್ತು. ಖಾಲಿ ಹೋದ ಕಂಬವನ್ನೂ ನನ್ನನ್ನೂ ನೋಡಿದಳು.

"ಯಾಕಣ್ಣಾ, ಇದಕ್ಕೂ ಗೀಟು ಹೊಡದ್ರೇನು?"

"ಇಲ್ಲವ್ವಾ. ಇದನ್ನ ಯಾರೂ ಹೊಡದಿಲ್ಲ."

ಆಟೊ ತಿರುಗಿಸಿ ಓಣಿಯ ಬಾಯಿಗೆ ವಾಪಸ್ ಹೋದೆ. ತಲೆಯ ಮೇಲಿನ ಸರಳಿಗೆ ನಾನೇ ಒಂದು ಬಡಿದೆ. ಮೊದಲ ಕಂಬದ ಮಾತು ಹೇಳಿ, ಎರಡನೇ ಕಂಬಕ್ಕೆ ಅವರ ಹೆಸರನ್ನು ಪೂರ್ತಿ ಹೇಳಿದೆ, ಅಪ್ಪನ ಹೆಸರು ಸಮೇತ. ಆ ಹಾರ್ನಿನಿಂದ ಅದು ಹೊರಗೆ ಬಂದದ್ದು ಅದೇ ಮೊದಲು. ಓಣಿಯ ಕೊನೆಯ ಮನೆಗೆ ಅದು ಮುಟ್ಟುವವರೆಗೂ ಆಟೊವನ್ನು ಮುಂದಕ್ಕೆ ಬಿಡಲಿಲ್ಲ.